ಅರವತ್ತೆರಡು ಲಕ್ಷ ಕಿಂಡಿ, ಒಂದು ಚುಕ್ಕೆ

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪ್ ಪರದೆಯಲ್ಲಿ ಅಡ್ಡಕ್ಕೆ 1,920, ಮೇಲಿಂದ ಕೆಳಕ್ಕೆ 1,080 ಪಿಕ್ಸೆಲ್‌ಗಳು. ಗುಣಿಸಿದರೆ 20,73,600. ಒಂದೊಂದು ಪಿಕ್ಸೆಲ್ಲಿನೊಳಗೂ ಕೆಂಪು, ಹಸಿರು, ನೀಲಿ ಎಂದು ಮೂರು ಕಿಂಡಿಗಳು, ಕಿಂಡಿಗೊಂದು ಟ್ರಾನ್ಸಿಸ್ಟರ್. ಒಟ್ಟು 62,20,800. ಇವುಗಳಲ್ಲಿ 62,20,799 ಹೇಳಿದ ಮಾತು ಕೇಳಿಕೊಂಡು ದುಡಿಯುತ್ತಿವೆ, ಒಂದು ಮಾತ್ರ ಮುಷ್ಕರ ಹೂಡಿದೆ ಎಂದುಕೊಳ್ಳಿ. ಶೇಕಡಾವಾರು ಹಿಡಿದು ನೋಡಿದರೆ ಇಂಥ ಯಂತ್ರವನ್ನು ಹೊಗಳಬೇಕು. ಆದರೆ ಐವತ್ತು ಅರವತ್ತು ಸಾವಿರ ಎಣಿಸಿ ಕೊಟ್ಟವರ ಕಣ್ಣು ಹೋಗಿ ಕೂರುವುದು ಆ ಒಂದರ ಮೇಲೆಯೇ.

ಸರ್ವಿಸ್ ಸೆಂಟರ್‌ಗೆ ಹೊತ್ತುಕೊಂಡು ಹೋದರೆ ಅಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಊಹಿಸಿದ್ದೇ: 'ಒಂದೇ ಡಾಟ್ ಅಲ್ವಾ ಸರ್? ಇದು ಪಾಲಿಸಿ ಒಳಗೇ ಇದೆ.' ಕೌಂಟರಿನಲ್ಲಿ ಕೂತ ಹುಡುಗ ಸುಳ್ಳು ಹೇಳುತ್ತಿಲ್ಲ. ಪರದೆಯಲ್ಲಿ ಇಂತಿಷ್ಟರವರೆಗೆ ಚುಕ್ಕೆಗಳಿದ್ದರೆ ಅದು ದೋಷವಲ್ಲ ಎಂದು ಹೆಚ್ಚುಕಡಿಮೆ ಎಲ್ಲ ದೊಡ್ಡ ತಯಾರಕರೂ ಬರೆದಿಟ್ಟುಕೊಂಡಿದ್ದಾರೆ. ಕೊಂಡವರು ಅದನ್ನು ಓದುವುದು ಮಾತ್ರ ಚುಕ್ಕೆ ಕಂಡ ಮೇಲೆ.

ಇಲ್ಲಿ ಜಗಳವಾಡುತ್ತಿರುವುದು ಎರಡು ಲೆಕ್ಕಗಳು. ಕೊಂಡವರದು ಒಂದರ ಲೆಕ್ಕ: ಒಂದು ಲ್ಯಾಪ್‌ಟಾಪ್, ಒಂದು ಪರದೆ, ಒಂದು ಕೊರತೆ. ಕಾರ್ಖಾನೆಯದು ಹತ್ತು ಲಕ್ಷದ ಲೆಕ್ಕ: ಹತ್ತು ಲಕ್ಷಕ್ಕೆ ಎಷ್ಟು? ಯಾವ ಲೆಕ್ಕ ಗೆಲ್ಲುತ್ತದೆ ಎಂಬುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಕ್ಯಾಲೆಂಡರನ್ನು ಅವಲಂಬಿಸಿದೆ. ಆನ್‌ಲೈನ್ ಅಂಗಡಿಯ ವಾಪಸಾತಿ ಅವಧಿ ಮುಗಿಯುವವರೆಗೆ ಕೊಂಡವರ ಲೆಕ್ಕ ನಡೆಯುತ್ತದೆ. ಮುಗಿದ ಮರುದಿನದಿಂದ ಕಾರ್ಖಾನೆಯದು.

ಎಲ್ಲ ಚುಕ್ಕೆಗಳೂ ಒಂದೇ ಜಾತಿಯವಲ್ಲ. ಯಾವ ಬಣ್ಣ ಹಚ್ಚಿದರೂ ಕಪ್ಪಾಗಿಯೇ ಉಳಿಯುವುದು ಸತ್ತ ಪಿಕ್ಸೆಲ್. ಮೂರು ಕಿಂಡಿಗಳೂ ತೆರೆದುಕೊಂಡು ಸದಾ ಬಿಳಿಯಾಗಿ ಉರಿಯುವುದು ಇನ್ನೊಂದು. ಒಂದೇ ಕಿಂಡಿ ಸಿಕ್ಕಿಹಾಕಿಕೊಂಡು ಕೆಂಪು, ಹಸಿರು ಇಲ್ಲವೇ ನೀಲಿ ಚುಕ್ಕೆಯಾಗಿ ನಿಲ್ಲುವುದು ಮೂರನೆಯದು. ಇದನ್ನು ಸ್ಟಕ್ ಪಿಕ್ಸೆಲ್ ಎನ್ನುತ್ತಾರೆ. ಇವುಗಳ ಜೊತೆ ಒಬ್ಬ ಬಹುರೂಪಿಯೂ ಇದ್ದಾನೆ: ಪದರಗಳ ನಡುವೆ ಸೇರಿಕೊಂಡ ಧೂಳಿನ ಕಣ. ಅದರ ಅಂಚು ಮಸುಕು, ಬಣ್ಣ ಬೂದು, ಗಾತ್ರ ಪಿಕ್ಸೆಲ್ಲಿಗೆ ಹೊಂದುವುದಿಲ್ಲ. ಚುಕ್ಕೆ ಚೌಕಾಕಾರವಾಗಿ, ಗೆರೆ ಕೊರೆದಂತೆ ಸ್ಪಷ್ಟವಾಗಿದ್ದರೆ ಮಾತ್ರ ಪಿಕ್ಸೆಲ್ಲಿನ ಮೇಲೆ ಗುಮಾನಿ ಪಡಬೇಕು.

ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಹಿಂದೆ ಎಲ್‌ಇಡಿ ದೀಪ ಸದಾ ಉರಿಯುತ್ತಿರುತ್ತದೆ. ಅದರ ಮುಂದೆ ಎರಡು ಧ್ರುವೀಕಾರಕ ಹಾಳೆಗಳು, ನಡುವೆ ದ್ರವಸ್ಫಟಿಕದ ತೆಳುಪದರ, ಮೇಲೆ ಮೂರು ಬಣ್ಣಗಳ ಸೋಸುಗಾಜು. ಕಿಂಡಿಯ ಮೂಲೆಯಲ್ಲಿರುವ ಟ್ರಾನ್ಸಿಸ್ಟರ್ ಸೆಕೆಂಡಿಗೆ 60 ಸಲ ತೆರೆದು ಮುಚ್ಚಿ ಒಂದಿಷ್ಟು ವಿದ್ಯುದಾವೇಶ ತುಂಬಿಸುತ್ತದೆ. ಆ ವೋಲ್ಟೇಜಿಗೆ ತಕ್ಕಂತೆ ದ್ರವಸ್ಫಟಿಕದ ಅಣುಗಳು ಹೊರಳಿ, ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ಟ್ರಾನ್ಸಿಸ್ಟರ್ ಕೈಕೊಟ್ಟರೆ ಕಿಂಡಿಗೆ ವೋಲ್ಟೇಜ್ ಇಲ್ಲ. ಮುಂದೇನಾಗುತ್ತದೆ ಎಂಬುದು ಪರದೆಯ ಬಗೆಯ ಮೇಲೆ ನಿಂತಿದೆ. ಈಗ ಚಾಲ್ತಿಯಲ್ಲಿರುವ ಐಪಿಎಸ್ ಪರದೆಗಳಲ್ಲಿ ವೋಲ್ಟೇಜ್ ಇಲ್ಲದ ಕಿಂಡಿ ಮುಚ್ಚಿಕೊಳ್ಳುತ್ತದೆ, ಕಪ್ಪು ಚುಕ್ಕೆ ಕಾಣುತ್ತದೆ. ಹಳೆಯ, ಅಗ್ಗದ ಟಿಎನ್ ಪರದೆಗಳಲ್ಲಿ ವೋಲ್ಟೇಜ್ ಇಲ್ಲದ ಕಿಂಡಿ ತೆರೆದೇ ಇರುತ್ತದೆ, ಅಲ್ಲಿ ಬೆಳಕಿನ ಚುಕ್ಕೆ. ರೋಗ ಒಂದೇ, ಲಕ್ಷಣ ತದ್ವಿರುದ್ಧ. ಓಎಲ್‌ಇಡಿಯಲ್ಲಿ ಹಿಂದೀಪವೇ ಇಲ್ಲ. ಪ್ರತಿ ಕಿಂಡಿಯೂ ತಾನೇ ಬೆಳಗಬೇಕಾದ್ದರಿಂದ ಸತ್ತದ್ದು ಕಪ್ಪಾಗಿಯೇ ಕಾಣುತ್ತದೆ.

ಗಾಜಿನ ಮನೆಯ ಲೆಕ್ಕಾಚಾರ

15.6 ಇಂಚಿನ ಪರದೆಯಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 0.18 ಮಿಲಿಮೀಟರ್. ಅದನ್ನು ಮೂರು ಪಾಲು ಮಾಡಿದರೆ ಒಂದು ಕಿಂಡಿಯ ಅಗಲ 0.06 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಎರಡು ಗಾಜುಗಳ ನಡುವೆ ದ್ರವಸ್ಫಟಿಕಕ್ಕೆ ಸಿಗುವ ಜಾಗ ಇನ್ನೂ ಇಕ್ಕಟ್ಟು: ಮೂರು ನಾಲ್ಕು ಮೈಕ್ರಾನ್. ಕಾರ್ಖಾನೆಯಲ್ಲಿ ಇವನ್ನು ಒಂದೊಂದಾಗಿ ಮಾಡುವುದಿಲ್ಲ. 8.5ನೇ ತಲೆಮಾರು ಎಂದು ಕರೆಯುವ ಕಾರ್ಖಾನೆಗಳಲ್ಲಿ 2,200 ಮಿಲಿಮೀಟರ್ ಅಗಲ, 2,500 ಮಿಲಿಮೀಟರ್ ಉದ್ದದ ಗಾಜಿನ ಹಾಳೆಯ ಮೇಲೆ ಕೋಟ್ಯಂತರ ಟ್ರಾನ್ಸಿಸ್ಟರ್‌ಗಳನ್ನು ಬೆಳಕಿನಿಂದ ಅಚ್ಚೊತ್ತಿ, ಆಮೇಲೆ ಪರದೆಗಳಾಗಿ ಕತ್ತರಿಸುತ್ತಾರೆ. ಅಚ್ಚೊತ್ತುವಾಗ ಒಂದು ಕಣ ಎಲ್ಲೋ ಕೂತರೆ ಆ ಜಾಗದ ಟ್ರಾನ್ಸಿಸ್ಟರ್ ಹುಟ್ಟುವ ಮೊದಲೇ ಹೋಯಿತು. ಕೆಲಸಗಾರರು ಕಣ್ಣು ಬಿಟ್ಟು ಮಿಕ್ಕೆಲ್ಲ ಮುಚ್ಚಿಕೊಂಡು ಓಡಾಡುವುದು ತಮ್ಮ ಸುರಕ್ಷತೆಗಲ್ಲ, ಗಾಜಿನ ಸುರಕ್ಷತೆಗೆ.

ಇಲ್ಲಿ ಗ್ರಾಹಕರಿಗೆ ಸಾಮಾನ್ಯವಾಗಿ ಗೊತ್ತಿರದ ಒಂದು ಕೆಲಸ ನಡೆಯುತ್ತದೆ. ತಪಾಸಣೆಯಲ್ಲಿ ಸದಾ ಬೆಳಗುವ ಚುಕ್ಕೆ ಕಂಡರೆ ಅದರ ಮೇಲೆ ಲೇಸರ್ ಹಾಯಿಸಿ ಕಪ್ಪಾಗಿಸುತ್ತಾರೆ. ರಿಪೇರಿ ಅಂದರೆ ಇಲ್ಲಿ ಸರಿಪಡಿಸುವುದಲ್ಲ, ಕಣ್ಣಿಗೆ ಚುಚ್ಚುವ ದೋಷವನ್ನು ಚುಚ್ಚದ ದೋಷವಾಗಿ ಬದಲಿಸುವುದು. ಹೊಸ ಲ್ಯಾಪ್‌ಟಾಪಿನಲ್ಲಿ ಕಾಣುವ ಒಂದು ಕಪ್ಪು ಚುಕ್ಕೆ ಹೀಗೆ ಬೇಕೆಂದೇ ಕಣ್ಣು ಮುಚ್ಚಿಸಿದ್ದೂ ಆಗಿರಬಹುದು.

ಅಂದಹಾಗೆ, ಚುಕ್ಕೆಗೆ ಬೈಸಿಕೊಳ್ಳುವ ದ್ರವಸ್ಫಟಿಕ ಸಾಮಾನ್ಯವಾಗಿ ನಿರಪರಾಧಿ. ಕೈಕೊಡುವುದು ಟ್ರಾನ್ಸಿಸ್ಟರ್. ದ್ರವಸ್ಫಟಿಕದ ಕಥೆ 1888ರಷ್ಟು ಹಳೆಯದು. ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದಾಗ ಅದು 145.5 ಡಿಗ್ರಿಯಲ್ಲಿ ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ಮತ್ತೊಮ್ಮೆ 'ಕರಗಿ' ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುಬಿಂದು. ಆ ಮಬ್ಬು ಸ್ಥಿತಿಯೇ ಮುಂದೆ ಪರದೆಯ ಜೀವಾಳವಾಯಿತು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಅಧ್ಯಾಯವಿದೆ. ದ್ರವಸ್ಫಟಿಕವಾಗಬೇಕಾದರೆ ಅಣುಗಳು ಕಡ್ಡಿಯಂತೆ ಉದ್ದಕ್ಕಿರಬೇಕು ಎಂಬ ನಂಬಿಕೆ ದಶಕಗಳ ಕಾಲ ನಡೆದು ಬಂದಿತ್ತು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವರಾಮಕೃಷ್ಣ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿ 'ಪ್ರಮಾಣ' ಪತ್ರಿಕೆಯಲ್ಲಿ ಪ್ರಕಟಿಸಿದರು. ಚಂದ್ರಶೇಖರ್ ಅದಕ್ಕೂ ಮುಂಚೆ ಹತ್ತು ವರ್ಷ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ವಿಭಾಗ ಕಟ್ಟಿದವರು, ಸಿ.ವಿ. ರಾಮನ್ನರ ಸೋದರಳಿಯ. ನೊಬೆಲ್ ಪಡೆದ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ಕೂಡ ರಾಮನ್ನರ ಕುಟುಂಬದವರೇ ಆದ್ದರಿಂದ ಇಬ್ಬರನ್ನೂ ಬೆರೆಸಿ ಬರೆಯುವವರಿಗೆ ಕೊರತೆಯಿಲ್ಲ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಕಂಪನಿ ಬಿಲ್ಲೆಯಾಕಾರದ ಅಣುಗಳ ತೆಳುಪದರವನ್ನು ಟಿಎನ್ ಪರದೆಗಳಿಗೆ ಅಂಟಿಸಿತು. ಪಕ್ಕದಿಂದ ನೋಡಿದರೆ ಚಿತ್ರ ಮಸುಕಾಗಿ ಬಣ್ಣ ತಿರುಗುಮುರುಗಾಗುವ ಕಾಟ ಅದರಿಂದ ಎಷ್ಟೋ ತಗ್ಗಿತು. ಚಂದ್ರಶೇಖರ್ 1991ರಲ್ಲಿ ದ್ರವಸ್ಫಟಿಕಗಳಿಗೆಂದೇ ಬೆಂಗಳೂರಿನಲ್ಲಿ ಇನ್ನೊಂದು ಸಂಶೋಧನಾ ಕೇಂದ್ರ ಕಟ್ಟಿದರು. ಇಂದು ಅದು ನ್ಯಾನೋ ಮತ್ತು ಮೃದುದ್ರವ್ಯ ವಿಜ್ಞಾನ ಕೇಂದ್ರವಾಗಿದೆ. ಇಷ್ಟಿದ್ದೂ ಇಲ್ಲಿ ಬಿಕರಿಯಾಗುವ ಲ್ಯಾಪ್‌ಟಾಪ್‌ಗಳ ಪ್ಯಾನೆಲ್‌ಗಳು ಬರುವುದು ಚೀನಾ, ತೈವಾನ್, ಕೊರಿಯಾಗಳಿಂದ. ವಿಜ್ಞಾನ ನಮ್ಮಲ್ಲೂ ಆಯಿತು, ಗಾಜಿನ ಕಾರ್ಖಾನೆ ಆಗಲಿಲ್ಲ.

ಹತ್ತು ಲಕ್ಷಕ್ಕೆ ಎರಡು

ಚುಕ್ಕೆಯ ಜಗಳ ಜಗತ್ತಿನ ಗಮನ ಸೆಳೆದದ್ದು ಲ್ಯಾಪ್‌ಟಾಪಿನಿಂದಲ್ಲ, ಆಟದ ಸಾಮಾನಿನಿಂದ. 2004ರ ನವೆಂಬರಿನಲ್ಲಿ ನಿಂಟೆಂಡೊ ಕಂಪನಿಯ ಡಿಎಸ್ ಅಮೆರಿಕದಲ್ಲಿ, ಡಿಸೆಂಬರ್ 12ರಂದು ಸೋನಿಯ ಪಿಎಸ್‌ಪಿ ಜಪಾನಿನಲ್ಲಿ ಮಾರಾಟಕ್ಕೆ ಬಂದವು. ಎರಡರಲ್ಲೂ ಚುಕ್ಕೆಗಳ ದೂರು. ಆಟದ ಸುಖಕ್ಕೆ ಅಡ್ಡಿಯಾಗುತ್ತದೆಯೋ ಇಲ್ಲವೋ ಎಂದು ಕೆಲವು ವಾರ ಆಡಿ ನೋಡಿ ಎಂಬುದು ನಿಂಟೆಂಡೊ ಹೇಳಿದ ಸಮಾಧಾನ. ಪಿಎಸ್‌ಪಿಯ ಕೈಪಿಡಿ ಇನ್ನೂ ನೇರ: ಬೆಳಗುವ ಅಥವಾ ಕಪ್ಪು ಚುಕ್ಕೆಗಳು ಇಂಥ ಪರದೆಗಳಲ್ಲಿ ಸಹಜ, ಅದು ಯಂತ್ರದ ದೋಷವಲ್ಲ ಎಂಬ ಅರ್ಥದ ಮಾತು ಅದರಲ್ಲೇ ಅಚ್ಚಾಗಿತ್ತು. ಮಕ್ಕಳ ಕೈಯ ಯಂತ್ರದ ಪುಸ್ತಕದಲ್ಲಿ ಹೀಗೆ ಮುಂಜಾಮೀನು ಬರೆದಿಟ್ಟದ್ದು ಕೊಂಡವರ ಸಿಟ್ಟನ್ನು ಇಳಿಸುವಂತಿರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಸ್ಯಾಮ್‌ಸಂಗ್ ಕೊರಿಯಾದ ತನ್ನ ಗ್ರಾಹಕರಿಗೆ ಬೇರೆಯೇ ಮಾತು ಕೊಟ್ಟಿತು: ಒಂದೇ ಒಂದು ಪಿಕ್ಸೆಲ್ ಕೆಟ್ಟಿದ್ದರೂ ಪರದೆ ಬದಲಿ. ಅಂದರೆ ಶೂನ್ಯ ಎಂಬುದು ಭೌತವಿಜ್ಞಾನದ ಹೊರಗಿನದಲ್ಲ. ಅದಕ್ಕೊಂದು ಬೆಲೆ ಇದೆ, ಅದನ್ನು ಯಾರು ಹೊರಬೇಕು ಎಂಬುದಷ್ಟೇ ಪ್ರಶ್ನೆ.

ಹಾಗಾದರೆ ಕಂಪನಿಗಳ ಪಾಲಿಸಿ ಎಲ್ಲಿಂದ ಬಂತು? ಅದರ ಬೇರು 2001ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13406-2ರಲ್ಲಿದೆ. ಅದು ಚಪ್ಪಟೆ ಪರದೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಮೊದಲ ವರ್ಗದಲ್ಲಿ ಒಂದು ಚುಕ್ಕೆಯೂ ಇರುವಂತಿಲ್ಲ. ಎರಡನೆಯದರಲ್ಲಿ ಹತ್ತು ಲಕ್ಷ ಪಿಕ್ಸೆಲ್‌ಗಳಿಗೆ ಸದಾ ಬೆಳಗುವವು 2, ಸದಾ ಕಪ್ಪಾದವು 2, ಕಿಂಡಿ ಮಟ್ಟದ ದೋಷಗಳು 5 ಇರಬಹುದು. ನಾಲ್ಕನೆಯ ವರ್ಗಕ್ಕೆ ಬಂದರೆ ಈ ಸಂಖ್ಯೆ 50, 150, 500. ಅಂಥ ಪರದೆಯ ಮುಂದೆ ಕೂರುವವರ ತಾಳ್ಮೆಗೆ ಪ್ರತ್ಯೇಕ ಮಾನದಂಡ ಬೇಕಾದೀತು. ತಯಾರಕರಲ್ಲಿ ಹೆಚ್ಚಿನವರು ಒಪ್ಪಿಕೊಂಡದ್ದು ಎರಡನೆಯ ವರ್ಗವನ್ನು. 2008ರಲ್ಲಿ ಈ ಮಾನದಂಡದ ಜಾಗಕ್ಕೆ ಐಎಸ್‌ಒ 9241ರ 300ನೇ ಸರಣಿ ಬಂದರೂ ಹತ್ತು ಲಕ್ಷಕ್ಕೆ ಇಷ್ಟು ಎಂಬ ಯೋಚನೆ ಹಾಗೇ ಉಳಿಯಿತು.

ಈ ಲೆಕ್ಕವನ್ನು ಎಳೆದು ನೋಡಿದರೆ ತಮಾಷೆ ಶುರುವಾಗುತ್ತದೆ. ಫುಲ್ ಎಚ್‌ಡಿ ಪರದೆಗೆ ಎರಡನೆಯ ವರ್ಗದ ಪ್ರಕಾರ 4 ಬೆಳಕಿನ ಚುಕ್ಕೆ, 4 ಕಪ್ಪು ಚುಕ್ಕೆ, 10 ಕಿಂಡಿದೋಷಗಳಿಗೆ ರಿಯಾಯಿತಿ. ಹೆಚ್ಚು ದುಡ್ಡು ಸುರಿದು 4ಕೆ ಪರದೆಯ ಲ್ಯಾಪ್‌ಟಾಪ್ ಕೊಂಡರೆ ಪಿಕ್ಸೆಲ್‌ಗಳು 82,94,400 ಆಗುತ್ತವೆ, ರಿಯಾಯಿತಿಯೂ 16, 16, 41ಕ್ಕೆ ಏರುತ್ತದೆ. ದುಬಾರಿ ಪರದೆ ಕೊಂಡವರಿಗೆ ಚುಕ್ಕೆಗಳೂ ಧಾರಾಳ! ಅದೇ 480 ಅಡ್ಡ, 272 ಉದ್ದದ ಪಿಎಸ್‌ಪಿ ಪರದೆಯಲ್ಲಿ ಇದ್ದದ್ದು 1,30,560 ಪಿಕ್ಸೆಲ್. ಈ ಸೂತ್ರ ಹಚ್ಚಿದರೆ ಅದಕ್ಕೆ ಸಲ್ಲುತ್ತಿದ್ದದ್ದು ಕಾಲು ಚುಕ್ಕೆ. ಈಗಿನ ಕಂಪನಿಗಳು ಈ ಮೇಲ್ಮಿತಿಯನ್ನು ಅಕ್ಷರಶಃ ಬಳಸುವುದಿಲ್ಲ. ಹಲವು ತಮ್ಮದೇ ಪಟ್ಟಿಯಲ್ಲಿ ಇನ್ನೂ ಬಿಗಿಯಾಗಿವೆ. ಡೆಲ್ ತನ್ನ ಅಲ್ಟ್ರಾಶಾರ್ಪ್ ಮಾನಿಟರ್‌ಗಳಿಗೆ ಒಂದು ಬೆಳಕಿನ ಚುಕ್ಕೆ ಕಂಡರೂ ವಾರಂಟಿ ಅವಧಿಯಲ್ಲಿ ಬದಲಿ ಕೊಡುವ ಭರವಸೆ ಇಟ್ಟಿದೆ. ಆದರೆ ಅದು ಆ ಮಾನಿಟರ್‌ಗಳಿಗೆ ಕೊಟ್ಟ ಮಾತು. ಅದನ್ನು ಓದಿಕೊಂಡು ಲ್ಯಾಪ್‌ಟಾಪ್ ಹಿಡಿದು ವಾದಕ್ಕೆ ಹೋದರೆ ನಿಲ್ಲುವುದಿಲ್ಲ.

ಬೆಳಗುವ ಚುಕ್ಕೆಗೂ ಕಪ್ಪು ಚುಕ್ಕೆಗೂ ಕಂಪನಿಗಳು ಬೇರೆ ಬೇರೆ ತೂಕ ಕೊಡುವುದರಲ್ಲಿ ಅರ್ಥವಿದೆ. ಸಾಮಾನ್ಯ ಕಣ್ಣು ಬಿಡಿಸಿ ನೋಡಬಲ್ಲ ಕೋನ ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಅರ್ಧ ಮೀಟರ್ ದೂರದಲ್ಲಿ ಅದು ಸುಮಾರು 0.15 ಮಿಲಿಮೀಟರ್. ಪಿಕ್ಸೆಲ್ ಈ ಗಡಿಯ ಆಸುಪಾಸಿನಲ್ಲೇ ಇದೆ, ಕಿಂಡಿಯಂತೂ ಗಡಿಯ ಒಳಗೆ. ಆದ್ದರಿಂದ ಅಕ್ಷರ ತುಂಬಿದ ಬಿಳಿ ಪುಟದಲ್ಲಿ ಒಂದು ಕಪ್ಪು ಚುಕ್ಕೆ ಅಲ್ಪವಿರಾಮದ ಜೊತೆ ಸೇರಿ ಮರೆಯಾಗುತ್ತದೆ. ಕತ್ತಲಲ್ಲಿನ ಬೆಳಕಿಗೆ ಮಾತ್ರ ಈ ಗಡಿ ಅನ್ವಯಿಸುವುದಿಲ್ಲ. ನಕ್ಷತ್ರಗಳು ಕಣ್ಣಿನ ಅಳತೆಗೆ ಸಿಗದಷ್ಟು ಸಣ್ಣ ಬಿಂದುಗಳಾಗಿಯೂ ಕಾಣುವುದು ಇದರಿಂದಲೇ. ಹತ್ತು ವರ್ಷದ ಹಿಂದೆ ಇದು ಸಿನಿಮಾ ನೋಡುವಾಗಿನ ಕಿರಿಕಿರಿಯಷ್ಟೇ ಆಗಿತ್ತು. ಈಗ ಡಾರ್ಕ್ ಮೋಡ್ ಬಂದಿದೆ. ಇಡೀ ದಿನ ಕಪ್ಪು ಹಿನ್ನೆಲೆಯಲ್ಲಿ ಕೋಡ್ ಬರೆಯುವವರ ಪಾಲಿಗೆ ಒಂದು ಹಸಿರು ಕಿಂಡಿ ಎಂಟು ಗಂಟೆಯ ಸಂಗಾತಿ. ಮ್ಯಾಮೊಗ್ರಾಮ್ ಓದುವ ವೈದ್ಯರ ಮಾತು ಬೇರೆಯೇ. ಅವರು ಚಿತ್ರದಲ್ಲಿ ಹುಡುಕುವುದೇ ಸುಣ್ಣದ ಬಿಳಿ ಕಣಗಳನ್ನು, ಅಲ್ಲಿ ಪರದೆಯ ಸ್ವಂತ ಬಿಳಿ ಚುಕ್ಕೆಗೆ ಕ್ಷಮೆಯಿಲ್ಲ.

ಮೊದಲ ವಾರದ ಕೆಲಸ

ಲ್ಯಾಪ್‌ಟಾಪ್ ಮನೆಗೆ ಬಂದ ದಿನವೇ ಪರೀಕ್ಷೆ ಮುಗಿಸುವುದು ಒಳ್ಳೆಯದು. ಪೆಟ್ಟಿಗೆ ಒಡೆಯುವಾಗ ವಿಡಿಯೊ ಮಾಡಿಕೊಂಡಿದ್ದರೆ ಮುಂದೆ ಮಾತು ಕಡಿಮೆ ಸಾಕಾಗುತ್ತದೆ. ವಿಶೇಷ ತಂತ್ರಾಂಶವೇನೂ ಬೇಡ: ಪೇಂಟ್‌ನಲ್ಲಿ ಅಚ್ಚ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳ ಐದು ಚಿತ್ರ ಮಾಡಿ, ಪರದೆ ತುಂಬ ಹಿಗ್ಗಿಸಿ ಒಂದೊಂದಾಗಿ ನೋಡಿದರಾಯಿತು. ಮೊದಲು ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ದೋಷವೆಂದು ದೂರು ಹೋದ ಚುಕ್ಕೆ ಕೌಂಟರಿನಲ್ಲಿ ಒರೆಸಿದ ಕೂಡಲೇ ಮಾಯವಾದರೆ ಮುಖ ಎಲ್ಲಿಡುವುದು? ಕಪ್ಪಿನ ಮೇಲೆ ಬೆಳಕಿನ ಚುಕ್ಕೆಗಳು ಸಿಗುತ್ತವೆ, ಬಿಳಿಯ ಮೇಲೆ ಸತ್ತವು. ಉಳಿದ ಮೂರು ಬಣ್ಣಗಳು ಯಾವ ಕಿಂಡಿ ಎಂದು ಹೇಳಿಕೊಡುತ್ತವೆ.

ಚುಕ್ಕೆ ನಿಜವಾಗಿ ಪರದೆಯದೇ ಎಂದು ಖಾತ್ರಿ ಮಾಡಿಕೊಳ್ಳಲು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳುಹಿಸಿ ನೋಡಬಹುದು. ಫೋನಿನಲ್ಲೂ ಅದೇ ಜಾಗದಲ್ಲಿ ಚುಕ್ಕೆ ಕಂಡರೆ ಅದು ಚಿತ್ರದೊಳಗಿನದು, ಪ್ಯಾನೆಲ್ಲಿನದಲ್ಲ. ಎಚ್‌ಡಿಎಂಐ ತಂತಿ ಹಾಕಿ ಟಿವಿಯಲ್ಲಿ ನೋಡುವುದು ಇನ್ನೊಂದು ದಾರಿ. ಅಲ್ಲೂ ಕಂಡರೆ ತಪ್ಪು ಗ್ರಾಫಿಕ್ಸ್ ಚಿಪ್ಪಿನ ಕಡೆಯದು. ಫೋಟೊ ತೆಗೆಯುವುದೂ ಒಂದು ಕಲೆ. ಕ್ಯಾಮೆರಾ ತಾನಾಗಿ ಹೊಂದಿಸಿಕೊಂಡರೆ ಬೆಳಕಿನ ಚುಕ್ಕೆ ಊದಿಕೊಂಡು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಕಪ್ಪು ಚುಕ್ಕೆ ಸಿಗುವುದೇ ಇಲ್ಲ. ಪಕ್ಕದಲ್ಲಿ ಬಾಣದ ಗುರುತು ಬರೆದ ಕಾಗದದ ಚೂರು ಹಿಡಿದು, ಪರದೆಯ ಬೆಳಕು ಅರ್ಧಕ್ಕಿಳಿಸಿ, ಹತ್ತಿರದಿಂದೊಂದು, ಇಡೀ ಪರದೆ ಬರುವಂತೆ ಇನ್ನೊಂದು ತೆಗೆದುಕೊಂಡರೆ ಸಾಕು.

ವಾಪಸಾತಿ ಅವಧಿಯೊಳಗೇ ಚುಕ್ಕೆ ಕಂಡರೆ ವಾದಕ್ಕಿಳಿಯದೆ ಬದಲಿ ಕೇಳುವುದೇ ಜಾಣತನ. ಇಲ್ಲೊಂದು ಕೊಕ್ಕೆ ಇದೆ. ಹಲವು ಆನ್‌ಲೈನ್ ಮಾರಾಟಗಾರರು ಲ್ಯಾಪ್‌ಟಾಪ್ ವಿಷಯ ಬಂದ ಕೂಡಲೇ 'ಬ್ರ್ಯಾಂಡಿನವರ ಹತ್ತಿರ ಹೋಗಿ' ಎಂದು ಕೈತೊಳೆದುಕೊಳ್ಳುತ್ತಾರೆ. ಅಂಗಡಿಯವರು ಸರ್ವಿಸ್ ಸೆಂಟರಿನಿಂದ ಡಿಒಎ ಪತ್ರ ತನ್ನಿ ಎನ್ನುತ್ತಾರೆ, ಬಂದಾಗಲೇ ಕೆಟ್ಟಿತ್ತು ಎಂಬುದಕ್ಕೆ ಸರ್ಟಿಫಿಕೇಟು. ಸರ್ವಿಸ್ ಸೆಂಟರಿನವರು ಪಾಲಿಸಿ ತೋರಿಸುತ್ತಾರೆ. ಈ ಸುತ್ತಾಟದಲ್ಲಿ ಹತ್ತು ದಿನ ಕಳೆಯುವುದು ದೊಡ್ಡ ಮಾತಲ್ಲ. ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಹಾಗಾಗಿ ಮೊದಲ ದೂರನ್ನು ಫೋನಿನಲ್ಲಿ ಹೇಳಿ ಬಿಡದೆ ಮಾರಾಟಗಾರರ ಆ್ಯಪ್ ಅಥವಾ ಇಮೇಲಿನಲ್ಲಿ ಬರೆದು ದಾಖಲಿಸಬೇಕು.

ಕಾನೂನು ಏನನ್ನುತ್ತದೆ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸಾಮಾನು ದೋಷಯುಕ್ತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ವಾಪಸು ಪಡೆಯಲು ನಿರಾಕರಿಸುವಂತಿಲ್ಲ. ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗೋಜಲಿರುವುದು 'ದೋಷ' ಎಂದರೇನು ಎಂಬಲ್ಲಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ವ್ಯಾಖ್ಯೆಯಲ್ಲಿ ಕಾನೂನು ಅಥವಾ ಒಪ್ಪಂದದ ಪ್ರಕಾರ ಇರಬೇಕಾದ, ಇಲ್ಲವೇ ಮಾರುವವರೇ ಹೇಳಿಕೊಂಡ ಗುಣಮಟ್ಟಕ್ಕಿಂತ ಯಾವುದೇ ಕೊರತೆ ದೋಷವೇ. ಒಪ್ಪಂದದಲ್ಲಿ ಸೂಚ್ಯವಾಗಿರುವುದೂ ಲೆಕ್ಕಕ್ಕೆ ಬರುತ್ತದೆ. ಕಂಪನಿ 'ನಮ್ಮ ಗುಣಮಟ್ಟವೇ ನಾಲ್ಕು ಚುಕ್ಕೆಯವರೆಗೆ' ಎನ್ನುತ್ತದೆ. ಕೊಂಡವರು 'ಕೊಳ್ಳುವ ಪುಟದಲ್ಲಿ ಅದನ್ನು ಎಲ್ಲಿ ಬರೆದಿದ್ದಿರಿ?' ಎಂದು ಕೇಳಬಹುದು. ಕೊಳ್ಳುವ ಮುನ್ನ ಕಾಣಿಸದ ಷರತ್ತನ್ನು ಕೊಂಡ ಮೇಲೆ ಮುಂದೊಡ್ಡುವುದು ನ್ಯಾಯವಲ್ಲ. ಗುಣವಿವರಗಳ ಉದ್ದನೆಯ ಪಟ್ಟಿಯಲ್ಲಿ ಪ್ರೊಸೆಸರ್, ರ‍್ಯಾಮ್, ತೂಕ ಎಲ್ಲ ಇರುವಾಗ 'ಇಷ್ಟು ಚುಕ್ಕೆ ಇರಬಹುದು' ಎಂಬ ಒಂದು ಸಾಲಿಗೆ ಜಾಗ ಸಾಲದೇ?

ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಮಾರಾಟಗಾರನ ಕಚೇರಿ ಗುರುಗ್ರಾಮದಲ್ಲಿದ್ದರೂ ಹಾವೇರಿಯವರು ಹಾವೇರಿಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದವರೆಗೆ ಅವಕಾಶವಿದೆ. ಆದರೂ ಮೂಲೆಯ ಒಂದು ಕಪ್ಪು ಚುಕ್ಕೆಗಾಗಿ ಆಯೋಗದ ಮೆಟ್ಟಿಲು ಹತ್ತುವುದು ಸಮಯದ ಲೆಕ್ಕದಲ್ಲಿ ನಷ್ಟ. ನಡುಪರದೆಯ ಬೆಳಕಿನ ಚುಕ್ಕೆಗೆ, ಅದರಲ್ಲೂ ಮೊದಲ ವಾರದಲ್ಲೇ ಬರೆದು ದೂರಿದ್ದರೆ, ಹಟ ಹಿಡಿಯಬಹುದು.

ಇನ್ನು ಮನೆಮದ್ದುಗಳು. ಸಿಕ್ಕಿಹಾಕಿಕೊಂಡ ಕಿಂಡಿಯ ಮೇಲೆ ಬಣ್ಣಗಳನ್ನು ವೇಗವಾಗಿ ಬದಲಾಯಿಸಿ ಎಚ್ಚರಿಸಲು ನೋಡುವ ಜೆಸ್ಕ್ರೀನ್‌ಫಿಕ್ಸ್‌ನಂಥ ತಂತ್ರಾಂಶಗಳಿವೆ. ಬಣ್ಣದ ಚುಕ್ಕೆಗೆ ಅರ್ಧ ಗಂಟೆ ಪ್ರಯತ್ನಿಸಿದರೆ ಕಳೆದುಕೊಳ್ಳುವುದೇನಿಲ್ಲ, ಕೆಲವೊಮ್ಮೆ ಫಲ ಸಿಕ್ಕಿದವರಿದ್ದಾರೆ. ಮಿನುಗುವ ಬೆಳಕಿನಿಂದ ಮೂರ್ಛೆ ಬರುವವರು ಆ ಪರದೆಯ ಕಡೆ ನೋಡಬಾರದು. ಕಪ್ಪು ಚುಕ್ಕೆಗೆ ಇದರಿಂದ ಏನೂ ಆಗದು. ಸತ್ತ ಟ್ರಾನ್ಸಿಸ್ಟರಿಗೆ ಸಂಜೀವಿನಿ ಇಲ್ಲ. ಪೆನ್ನಿನ ತುದಿಯಿಂದ ಒತ್ತಿ, ಬಟ್ಟೆ ಸುತ್ತಿ ಉಜ್ಜಿ ಎಂಬ ಸಲಹೆಗಳನ್ನಂತೂ ಕಿವಿಗೆ ಹಾಕಿಕೊಳ್ಳದಿರುವುದೇ ವಾಸಿ. ಮೂರು ಮೈಕ್ರಾನ್ ಸಂದಿನ ಮೇಲೆ ಹೆಬ್ಬೆರಳಿನ ಭಾರ ಬಿದ್ದರೆ ಒಂದು ಚುಕ್ಕೆಯ ಜಾಗದಲ್ಲಿ ಬಿಳಿ ಮಚ್ಚೆ ಏಳಬಹುದು, ಆಗ ಅದು 'ಫಿಸಿಕಲ್ ಡ್ಯಾಮೇಜ್' ಎಂಬ ಖಾನೆಗೆ ಬಿದ್ದು ವಾರಂಟಿಯೂ ಕೈಬಿಡುತ್ತದೆ. ಕೀಬೋರ್ಡಿನ ಮೇಲೆ ಪೆನ್ನು, ಇಯರ್‌ಫೋನು ಬಿಟ್ಟು ಮುಚ್ಚಳ ಹಾಕುವವರ ಪರದೆಗೂ ಇದೇ ಗತಿ.

ಇದೇ ಕಾಯಿಲೆ ಕ್ಯಾಮೆರಾಗಳಿಗೆ ಬಂದರೆ ಯಾರೂ ಚಿಂತಿಸುವುದಿಲ್ಲ ಎಂಬುದು ಸ್ವಾರಸ್ಯ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ನಡೆಸುತ್ತಾರೆ. ಅಂಥ ದೂರದರ್ಶಕಗಳ ಸಂವೇದಕಗಳಲ್ಲೂ ಕೆಟ್ಟ ಪಿಕ್ಸೆಲ್‌ಗಳಿರುತ್ತವೆ. ಖಗೋಳವಿಜ್ಞಾನಿಗಳು ಅವುಗಳ ನಕ್ಷೆ ಮಾಡಿಟ್ಟುಕೊಂಡು ಲೆಕ್ಕದಿಂದ ಹೊರಗಿಡುತ್ತಾರೆ ಅಥವಾ ಅಕ್ಕಪಕ್ಕದವುಗಳ ಸರಾಸರಿ ತುಂಬಿಸುತ್ತಾರೆ. ಫೋನಿನ ಕ್ಯಾಮೆರಾ ಕೂಡ ಸದ್ದಿಲ್ಲದೆ ಇದನ್ನೇ ಮಾಡುತ್ತದೆ. ನೋಡುವ ಯಂತ್ರ ತನ್ನ ಕುರುಡನ್ನು ಮುಚ್ಚಿಕೊಳ್ಳಬಲ್ಲದು. ತೋರಿಸುವ ಯಂತ್ರಕ್ಕೆ ಆ ಉಪಾಯವಿಲ್ಲ.

ಕಂಪನಿ ಒಪ್ಪಿ ಪ್ಯಾನೆಲ್ ಬದಲಿಸುತ್ತೇನೆ ಎಂದರೂ ಹಿಗ್ಗುವ ಮುನ್ನ ಒಮ್ಮೆ ಯೋಚಿಸಬೇಕು. ಕಾರ್ಖಾನೆಯಲ್ಲಿ ಜೋಡಿಸಿದ ಮುಚ್ಚಳವನ್ನು ಬಿಚ್ಚಿ ಮತ್ತೆ ಕೂರಿಸುವಾಗ ಅಂಚಿನಲ್ಲಿ ಸಂದು ಬಿಡಬಹುದು. ಒಂದೇ ಮಾದರಿಯ ಲ್ಯಾಪ್‌ಟಾಪಿಗೆ ಎರಡು ಮೂರು ಕಾರ್ಖಾನೆಗಳ ಪ್ಯಾನೆಲ್ ಬಳಸುವುದು ರೂಢಿಯಾದ್ದರಿಂದ ಹೊಸತರ ಬಣ್ಣ ಹಳೆಯದರಂತೆ ಇರಬೇಕೆಂದಿಲ್ಲ. ಹೊಸ ಪ್ಯಾನೆಲ್ಲಿಗೂ ಅನ್ವಯಿಸುವುದು ಅದೇ ಪಾಲಿಸಿ: ಒಂದು ಚುಕ್ಕೆಯದನ್ನು ಕೊಟ್ಟು ಎರಡು ಚುಕ್ಕೆಯದನ್ನು ತಂದರೂ ನಿಯಮದ ಪ್ರಕಾರ ಎಲ್ಲ ಸರಿಯೇ. ಕೊಂಡು ವಾರವಾಗಿಲ್ಲವಾದರೆ ಪ್ಯಾನೆಲ್ ಬದಲಿಗಿಂತ ಯಂತ್ರವನ್ನೇ ಬದಲಿಸಿಕೊಳ್ಳುವುದು ಮೇಲು.

ವಾರಂಟಿ ಮುಗಿದವರಿಗೆ ಉಳಿಯುವುದು ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ, ಬಿಡಿಭಾಗದ ಅಂಗಡಿಗಳಿರುವ ಜಾಗ. ಅಲ್ಲಿನವರು ಲ್ಯಾಪ್‌ಟಾಪಿನ ಹೆಸರಿಗಿಂತ ಪ್ಯಾನೆಲ್ಲಿನ ಬೆನ್ನ ಮೇಲಿನ ಚೀಟಿಯನ್ನು ನಂಬುತ್ತಾರೆ. 'ಬಿ156' ಎಂದು ಶುರುವಾದರೆ ಎಯುಒ ಕಂಪನಿಯದು, 'ಎನ್‌ವಿ156' ಆದರೆ ಬಿಒಇ, 'ಎಲ್‌ಪಿ156' ಆದರೆ ಎಲ್‌ಜಿ. 156 ಎಂದರೆ 15.6 ಇಂಚು. ತಂತಿ 30 ಪಿನ್ನಿನದೋ 40 ಪಿನ್ನಿನದೋ ಎಂಬುದೂ ಹೊಂದಬೇಕು. ಪ್ಯಾನೆಲ್‌ಗಳಲ್ಲಿ ಗ್ರೇಡುಗಳಿವೆ. ಎಲ್ಲ ಅಂಗಡಿಯಲ್ಲೂ ಸಿಗುವುದು 'ಎ ಪ್ಲಸ್' ಒಂದೇ ಆದ್ದರಿಂದ ಮಾತಿಗಿಂತ ಕಣ್ಣನ್ನು ನಂಬಬೇಕು. ಪ್ಯಾನೆಲ್ಲಿಗೆ ತಂತಿ ಸಿಕ್ಕಿಸಿ, ಟೇಪು ಅಂಟಿಸುವ ಮೊದಲೇ ಕಪ್ಪು, ಬಿಳಿ ಎರಡನ್ನೂ ಪರದೆ ತುಂಬ ತೋರಿಸಲು ಹೇಳಬೇಕು. ಟೇಪು ಅಂಟಿದ ಪ್ಯಾನೆಲ್ಲನ್ನು ವಾಪಸು ತೆಗೆದುಕೊಳ್ಳಲು ಅಂಗಡಿಯವರು ಹಿಂದೆಮುಂದೆ ನೋಡುತ್ತಾರೆ.